ಅರ್ಧ ಕೊಯ್ದ ಗಿಡಗಳು

ಮಂಜು ಇನ್ನೂ ಕರಗಿರಲಿಲ್ಲ. ಕೂಲಿಗೆ ಬರುವ ದೇವಕಿ ಹಣ್ಣು ಕೊಯ್ದು ಮುಂದೆ ಹೋಗಿದ್ದ ಸಾಲಿನಲ್ಲಿ ಪ್ರತಿಯೊಂದು ಕಾಫಿ ಗಿಡವೂ ಅರ್ಧ ಹಸಿರು, ಅರ್ಧ ಕೆಂಪು. ಬಲಬದಿಯಲ್ಲಿ ಒಂದು ಹಣ್ಣೂ ಉಳಿದಿಲ್ಲ. ಎಡಬದಿಯಲ್ಲಿ ಒಂದನ್ನೂ ಮುಟ್ಟಿಲ್ಲ. ಯಾರೋ ಕನಸಿನಲ್ಲಿ ಗೆರೆ ಎಳೆದು ಗಿಡಗಳನ್ನು ಪಾಲು ಮಾಡಿದಂತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಮ್ಮತ್ತಿ ಬಳಿಯ ಎಸ್ಟೇಟಿನಲ್ಲಿ ನಾನು ಕೂಲಿ ಲೆಕ್ಕ ಬರೆಯುವ ರೈಟರ್. ಕೆಲಸಗಳ್ಳಿಯೆಂದು ಅವಳನ್ನು ಕೆಲಸದಿಂದ ಬಿಡಿಸಲೆಂದೇ ಹೋಗಿದ್ದೆ.

"ಪೂರ್ತಿ ಕೊಯ್ದಾಯ್ತಲ್ಲ ರೈಟ್ರೇ, ಇದ್ರಲ್ಲಿ ಇನ್ನೇನುಂಟು?" ಎಂದಳು. ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ಉಂಡು ಕೈ ತೊಳೆಯಲು ಎದ್ದಳು. ಅವಳ ಗಂಡ ಐತಪ್ಪ ಅವಳನ್ನು ಕೂರಿಸಿ, ತಟ್ಟೆಯನ್ನು ತಿರುಗಿಸಿಟ್ಟ. "ಮತ್ತೆ ಯಾವಾಗ ಬಡಿಸಿದ್ದು?" ಎಂದು ನಗುತ್ತಾ ಅವಳು ಉಳಿದದ್ದನ್ನೂ ಉಂಡಳು.

ಐತಪ್ಪ ನನ್ನ ಬಳಿ ಬಂದು ಮೆಲ್ಲಗೆ ಹೇಳಿದ: "ಮಳೆಗಾಲದಲ್ಲಿ ಬಿದ್ದು ತಲೆಗೆ ಪೆಟ್ಟಾಯ್ತು ರೈಟ್ರೇ. ಕಣ್ಣು ಸರಿ ಉಂಟು. ಎಡಬದಿ ಅಂತ ಒಂದು ಉಂಟೂಂತಲೇ ಅವಳಿಗೆ ಗೊತ್ತಾಗುದಿಲ್ಲ."

ನಾನು ಅವಳನ್ನು ಬಿಡಿಸಲಿಲ್ಲ. ಆ ಕೊಯ್ಲು ಮುಗಿಯುವವರೆಗೂ ಐತಪ್ಪ ಪಕ್ಕದ ಸಾಲನ್ನೇ ಹಿಡಿದು, ಅವಳ ಎಡಕ್ಕೆ ನಿಂತು, ಅವಳು ಬಿಟ್ಟ ಹಣ್ಣುಗಳನ್ನು ಕೊಯ್ದು ಅವಳ ಚೀಲಕ್ಕೇ ಹಾಕುತ್ತಿದ್ದ. ಅವಳೋ, ತಾನೊಬ್ಬಳೇ ಇದ್ದೇನೆಂದುಕೊಂಡು ಏನನ್ನೋ ಗುನುಗುತ್ತಾ ಮಂಜಿನೊಳಗೆ ಸಾಗುತ್ತಿದ್ದಳು.

ಈಗಲೂ ಮಂಜು ಕವಿದ ಕಾಫಿ ತೋಟ ಕಂಡರೆ ನನಗೆ ಮೊದಲು ಕಾಣುವುದು, ಅವಳಿಗೆ ಕಾಣದೇ ಹೋದ ಆ ಮನುಷ್ಯ.