ಅಂತೆಯಿಲ್ಲದ ಕತೆ

ಎಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಒಂದು ಕಡೆ ಕೂತವಳೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಪಾರ್ಕಿಂಗ್ ಲಾಟಿಗೆ ಓಡಾಡುತ್ತಿದ್ದೆ. ಮೈಸೂರಿನಲ್ಲಿ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಗ್ರೀನ್ ಕಾರ್ಡಿನ ಅರ್ಜಿ ಮುಗಿಯುವ ಮುಂಚೆ ದೇಶ ಬಿಟ್ಟರೆ ಮತ್ತೆ ಒಳಗೆ ಬರುವುದು ಕಷ್ಟ ಎಂದಿದ್ದರು ವಕೀಲರು. ನಾನು ಹೋಗಲಿಲ್ಲ. ಅಣ್ಣನ ಫೋನು ಬಂದದ್ದೂ ಗಂಡನ ಆಫೀಸಿಗೆ. ಅವರು ಮನೆಗೆ ಬಂದು, "ನಿಮ್ಮಪ್ಪ ಹೋದ್ರಂತೆ" ಎಂದಿದ್ದರು. ನನ್ನ ಪಾಲಿಗೆ ಬಂದದ್ದು ಅಷ್ಟೇ, ಒಂದು 'ಅಂತೆ'. ಅದಕ್ಕೆ ಅಳುವುದು ಹೇಗೆ?

ಮೇಲಿನ ಮನೆಯ ಜಪಾನಿ ಹೆಂಗಸು ಒಂದು ದಿನ ತಮ್ಮ ದೇಶದ ಹೊಸ ಕತೆಗಳ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟರು. ಅದರಲ್ಲೊಂದು ಕತೆ ನನ್ನನ್ನು ಹಿಡಿದು ಕೂರಿಸಿತು. ಸಮುದ್ರದಲ್ಲಿ ಮುಳುಗಿ ಸತ್ತ ಅಪ್ಪ ಸಂಜೆ ಮನೆಗೆ ಬರುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ. ಮಗಳು ಕಿರುಚುವುದಿಲ್ಲ, ಚಾಪೆಯೆಲ್ಲ ಒದ್ದೆ ಮಾಡಿದೆಯಲ್ಲ ಎಂದು ರೇಗಿ ಅನ್ನ ಬಡಿಸುತ್ತಾಳೆ. ನಮ್ಮ ಕಡೆ ದೆವ್ವ ಬರಬೇಕಾದರೆ ಮೊದಲು ನಾಯಿ ಊಳಿಡಬೇಕು, ದೀಪ ಆರಬೇಕು. ಈ ಕತೆಯಲ್ಲಿ ರೈಸ್ ಕುಕ್ಕರಿನ ಗುಂಡಿ ಟಕ್ ಎಂದಿತು, ಅಷ್ಟೇ. ಆ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಆರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆಗೆ ಇಂಗ್ಲಿಷ್ ಬಾರದು, ಕತೆಯ ಚಪಲ ಮಾತ್ರ ಬೇಕಾದಷ್ಟು. ಮಧ್ಯಾಹ್ನ ಅವರು ಹುರುಳಿಕಾಯಿ ನಾರು ತೆಗೆಯುತ್ತ ಕೂತಾಗ ಕನ್ನಡದಲ್ಲಿ ಹೇಳತೊಡಗಿದೆ. ಅಪ್ಪ ಬಂದನಂತೆ, ಕೂತನಂತೆ, ಮಗಳು ಬೈದಳಂತೆ.

"ಎಲ್ಲದಕ್ಕೂ ಅಂತೆ ಯಾಕೆ ಅಂಟಿಸ್ತೀಯ? ಬರೆದೋನು ಹಾಗೆ ಬರೆದಿದಾನಾ?" ಎಂದರು ಅತ್ತೆ.

ಪುಸ್ತಕ ನೋಡಿದೆ. ಇರಲಿಲ್ಲ. ಬರೆದವನು ಕಣ್ಣಾರೆ ಕಂಡವನ ಹಾಗೆ 'ಬಂದ' ಎಂದೇ ಬರೆದಿದ್ದ. ನನ್ನನ್ನು ಸೆಳೆದದ್ದು ಅದೇ. ಹೇಳುವಾಗ ಅಂತೆಕಂತೆಗಳ ಸಂತೆ ಮಾಡಿದವಳು ನಾನು.

"ಮತ್ತೆ? ಬಂದ ಅನ್ನು."

ಮೊದಲಿನಿಂದ ಶುರು ಮಾಡಿದೆ. ಅಪ್ಪ ಬಂದ. ಚಪ್ಪಲಿ ಬಿಟ್ಟ. ಚಾಪೆ ಒದ್ದೆಯಾಯಿತು. ಮಗಳು ಅನ್ನ ಬಡಿಸಿದಳು. ಎದ್ದು ಬಾಲ್ಕನಿಗೆ ಓಡಬೇಕೆನಿಸಿತು, ಓಡಲಿಲ್ಲ.

"ಅಪ್ಪ ಹೋದ್ರು, ಅತ್ತೆ" ಎಂದೆ.

ಅವರು ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟರು. "ಹೂಂ ಕಣಮ್ಮ. ಹೋದ್ರು" ಎಂದರು. ಅಪ್ಪ ಹೋಗಿ ಎರಡು ತಿಂಗಳಾದ ಮೇಲೆ, ಮೊದಲ ಸಲ, ಅವರ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ.