ಐದನೆಯ ಮನೆಯ ಬಾಗಿಲುಗಲ್ಲು

ಡಾರ್ಟ್‌ಮೂರ್ ಗುಡ್ಡದ ಹೆಸ್ಟರ್ ಎಂಡಕಾಟ್‌ಗೆ ಮೂರೂವರೆ ಸಾವಿರ ವರ್ಷ ಹಿಂದಿನ ನೆರೆಮನೆಯವರಿದ್ದರು. ಅವಳ ಹಿತ್ತಲಾಚೆಯ ಏರಿನಲ್ಲಿ ಹದಿನೇಳು ಕಲ್ಲಿನ ಸುತ್ತುಗಳು, ಒಂದೊಂದೂ ಒಂದು ಗುಡಿಸಲಿನ ಬುಡ. ಸರ್ಕಾರ ಅವನ್ನು ಸಂರಕ್ಷಿತ ಸ್ಮಾರಕವೆಂದು ಸಾರಿ ಸುಮ್ಮನಾಯಿತು. ಕಾವಲಿಗೆ ಯಾರೂ ಬರದಿದ್ದಾಗ ಹೆಸ್ಟರ್ ತನ್ನನ್ನು ತಾನೇ ನೇಮಿಸಿಕೊಂಡಳು. ರಜೆಗೆ ಬಂದು ಡೇರೆ ಹಾಕಿ, ಒಲೆ ಹೂಡಲು ಕಲ್ಲು ಕೀಳುವವರನ್ನು ಇಪ್ಪತ್ತು ವರ್ಷ ಬೈದಳು. "ಸಂಬಳ ಇಲ್ಲ, ಬೈಯೋ ಸುಖ ಇದೆ" ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದಳು.

ಒಂದು ವಸಂತದಲ್ಲಿ ಸ್ಮಾರಕಗಳ ಅಧಿಕಾರಿ, ಮಿಸ್ ಪ್ರೌಸ್ ಎಂಬ ಹುಡುಗಿ, ಹಳೆಯ ಫೋಟೊ ಹಿಡಿದು ಬಂದಳು. ಹಿತ್ತಲ ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಟೀ ಕುಡಿದಳು.

"ಆ ಏರಿನ ಐದನೇ ಮನೆಗೆ ಆಗ ಆಚೀಚೆ ಎರಡು ಬಾಗಿಲುಗಲ್ಲಿದ್ವು ಅಮ್ಮಾ. ಈಗ ಒಂದೇ ಇದೆ. ಯಾರೋ ಹೊತ್ಕೊಂಡು ಹೋಗಿದಾರೆ."

"ಅವನ ಕೈ ಸೇದಿಹೋಗ!" ಎಂದು ಹೆಸ್ಟರ್ ಫೋಟೊ ಕಸಿದುಕೊಂಡಳು. ಕಳುವಾದ ಕಲ್ಲಿನ ಅಡ್ಡಕ್ಕೆ ಬಿಳಿಯ ಗೆರೆಯೊಂದಿತ್ತು. ಅದೇ ಗೆರೆ ಈಗ ಅಧಿಕಾರಿ ಕೂತ ಬೆಂಚಿನ ಮೇಲೆ, ಅವಳ ಮೊಣಕಾಲ ಸಂದಿಯಲ್ಲಿ ಕಾಣುತ್ತಿತ್ತು.

ಮದುವೆಯಾದ ವರ್ಷ, ಬಟಾಣಿ ಸುಲಿಯಲು ಕೂರುವುದಕ್ಕೆಂದು, ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಅದನ್ನು ಎಳೆದು ತಂದವಳು ಹೆಸ್ಟರೇ; ಆಮೇಲೆ ಮರೆತೂಬಿಟ್ಟಿದ್ದಳು. "ಬೇಡ ಮಾರಾಯ್ತಿ" ಎಂದಿದ್ದ ಗಂಡ ವಿಲ್ಫ್ ಈಗ ಮೂರನೇ ಸಲ ಅಧಿಕಾರಿಗೆ ಸ್ಕೋನ್ ಬನ್ನು ನೀಡಿದ.

ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿ ಹೊರಟುಹೋಗುತ್ತಿದ್ದಳು. ಆಡಿದರೆ ನಾಳೆಯಿಂದ ಡೇರೆಯವರನ್ನು ಯಾವ ಮುಖ ಹೊತ್ತು ಬೈಯುವುದು? ಹೆಸ್ಟರ್ ಫೋಟೊ ವಾಪಸ್ ಕೊಟ್ಟಳು.

"ಏಳು ಮಗಳೇ. ನೀನು ಕೂತಿರೋದೇ ಆ ಕಲ್ಲು. ಕೈ ಸೇದಿಹೋಗ್ಬೇಕಾದೋಳು ನಾನೇ."

"ಇವತ್ತೇ ವಾಪಸ್ ನೆಟ್ಬಿಡ್ತೀನಿ" ಎಂದು ಹೊರಟ ಹೆಸ್ಟರ್‌ಳನ್ನು ಅಧಿಕಾರಿ ತಡೆದಳು. "ಅಯ್ಯೋ, ಮುಟ್ಬೇಡಿ! ಅಲ್ಲಿ ಅಪ್ಪಣೆ ಇಲ್ದೆ ಗುಂಡಿ ತೋಡೋ ಹಾಗಿಲ್ಲ. ಕಾಗದ ಬರೋವರ್ಗೂ ಇಲ್ಲೇ ಇರ್ಲಿ."

"ಕದಿಯೋಕೆ ಅರ್ಧ ಗಂಟೆ ಸಾಕಾಗಿತ್ತಲ್ಲೇ!" ಎಂದ ವಿಲ್ಫ್.

ಮುಂದಿನ ಶನಿವಾರ ಏರಿನಲ್ಲಿ ಮೂವರು ಡೇರೆಯವರು ಒಲೆಗೆ ಕಲ್ಲು ಎತ್ತುತ್ತಿದ್ದರು. ಹೆಸ್ಟರ್ ಅಭ್ಯಾಸಬಲದಿಂದ ಸೊಂಟದ ಮೇಲೆ ಕೈಯಿಟ್ಟಳು. ಆಮೇಲೆ ಕೈ ಇಳಿಸಿ ಕರೆದಳು.

"ಅವನ್ನ ಇದ್ದಲ್ಲೇ ಇಟ್ಟು ನಮ್ಮನೇಗೆ ಬನ್ರಪ್ಪಾ. ನಾನು ಕದ್ದ ಕಲ್ಲು ತೋರಿಸ್ತೀನಿ. ಟೀನೂ ಕೊಡ್ತೀನಿ."

ಅವರು ಬಂದರು, ಕಥೆ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆದರೆ ಬೆಂಚು ಖಾಲಿಯಿದ್ದರೂ ಮೂವರೂ ನಿಂತೇ ಟೀ ಕುಡಿದರು. ಹೆಸ್ಟರ್ ಕೂಡ ಕೂರಲಿಲ್ಲ.