ಮೈನೊ ಹತ್ತಿದ ಸೂರು

ನಮ್ಮ ಸಂತಾಲರ ಊರು ಕೆಂದ್‌ಡಂಗಾಲದಲ್ಲಿ ಮೈನೊ ಹಾಂಸದಾಳ ಹೆಸರೆತ್ತಿದರೆ ಈಗಿನ ಹುಡುಗಿಯರು ಅವಳ ಗೋಡೆಯ ಚಿತ್ತಾರ ನೆನೆಯುತ್ತಾರೆ. ನನಗೆ ನೆನಪಾಗುವುದು ಅವಳ ಮೇಕೆ. ಆ ಮೇಕೆಯ ಜೊತೆ ಆಡಿದಷ್ಟು ಮಾತು ನಾನು ಕಟ್ಟಿಕೊಂಡ ಗಂಡನ ಜೊತೆಗೂ ಆಡಿಲ್ಲ.

ಮೈನೊ ಗುಡ್ಡದಾಚೆಯ ಊರಿಂದ ಮದುವೆಯಾಗಿ ಬಂದು, ಬೀದಿಯ ಕೊನೆಯ ಮನೆ ಸೇರಿದಳು. ಮರುವರ್ಷ ನಾನು ಎದುರು ಮನೆಗೆ ಸೊಸೆಯಾಗಿ ಬಂದೆ. ತವರು ನೆನೆದು ಮೂತಿ ಊದಿಸಿಕೊಂಡು ಕೂತಿದ್ದ ನನ್ನನ್ನು ನೋಡಿ ಮೈನೊ, “ಅತ್ತಿದ್ದು ಸಾಕು, ಬಾ, ಇಪ್ಪೆ ಹೂ ಆರಿಸೋಣ, ಅದರ ಹೆಂಡ ನಿಮ್ಮತ್ತೆಗೆ ಸಿಕ್ಕಿದ್ರೆ ನಿನಗೆ ನಿದ್ದೆ ಸಿಗುತ್ತೆ” ಅಂದಿದ್ದಳು. ಅವತ್ತಿನಿಂದ ಅವಳು ನನಗೆ ಅಕ್ಕ. ಅವಳ ಗಂಡ ಕಾಂದನಾ ಸಾಧು ಮನುಷ್ಯ. ಒಂದು ಮಳೆಗಾಲ ಜ್ವರ ಬಂದು, ಮಕ್ಕಳಾಗುವ ಮೊದಲೇ ಹೋಗಿಬಿಟ್ಟ.

ನಮ್ಮಲ್ಲಿ ಗಂಡ ಸತ್ತರೆ ಹೊಲ ಅವನ ತಮ್ಮನಿಗೆ ಹೋಗುತ್ತದೆ. ಮೈದುನ ಸಾಕ್ಲಾ ಬಂದು ತೆಗೆದುಕೊಂಡ, ಅವಳು ಚಕಾರ ಎತ್ತಲಿಲ್ಲ. ಮನೆ ಮತ್ತು ಅಂಗಳದ ಇಪ್ಪೆಮರ ಮಾತ್ರ ಅವಳು ಬದುಕಿರುವವರೆಗೆ ಅವಳವು. ಸಾಕ್ಲಾನ ಕಣ್ಣು ಅದರ ಮೇಲೂ ಬಿತ್ತು. ಅವನೇನೂ ಜಗಳ ತೆಗೆಯಲಿಲ್ಲ, ಬರೀ ಸೋಮಾರಿತನ ಮಾಡಿದ. ಮಣ್ಣಿನ ಗೋಡೆಯ ಮನೆಗೆ ಹುಲ್ಲಿನ ಸೂರು. ಹಳೇ ಹುಲ್ಲು ಕೊಳೆತಾಗ ಮಳೆಗೆ ಮುಂಚೆ ಹೊಸದು ಹೊದಿಸದಿದ್ದರೆ ಗೋಡೆ ಕರಗಿ ಕೂತುಬಿಡುತ್ತದೆ. ಹುಲ್ಲು ಕೊಯ್ಯುವವಳು, ಹಗ್ಗ ಹೊಸೆಯುವವಳು, ಕಟ್ಟು ಹೊರುವವಳು, ಗೋಡೆ ಸಾರಿಸುವವಳು ಹೆಂಗಸೇ. ಆದರೆ ಸೂರು ಹತ್ತಬಾರದು, ನೇಗಿಲು ಮುಟ್ಟಬಾರದು. ಮುಟ್ಟಿದರೆ ಬೋಂಗಾ ದೇವರುಗಳು ಮುನಿದು ಮಳೆ ನಿಲ್ಲಿಸುತ್ತವಂತೆ. ಗಂಡ ಇಲ್ಲದವಳ ಸೂರು ಮೈದುನನ ಜವಾಬ್ದಾರಿ.

“ನಾಳೆ ಹತ್ತೀನಿ ಅತ್ತಿಗೆ. ಇವತ್ತು ಸೊಂಟ ಹಿಡ್ಕೊಂಡಿದೆ.”

“ನಿನ್ನೆ ಕೋಳಿ ಅಂಕದಲ್ಲಿ ಕುಣೀತಿದ್ಯಲ್ಲಪ್ಪ, ಅದು ಯಾರ ಸೊಂಟ?”

ಅವನ ನಾಳೆ ಬರಲೇ ಇಲ್ಲ. ಬೇರೆ ಗಂಡಸರನ್ನು ಕೇಳಿದರೆ, ಸಾಕ್ಲಾ ಇರುವಾಗ ನಾವು ಹತ್ತಿದರೆ ಅವನಿಗೆ ಅವಮಾನ ಅಂದರು. ನನ್ನ ಗಂಡನೂ ಹಾಗೇ ಅಂದ. ಅವತ್ತು ಅವನ ಗಂಜಿಯ ಬಟ್ಟಲನ್ನು ನಾನು ಇಟ್ಟ ರಭಸಕ್ಕೆ ಅರ್ಧ ಗಂಜಿ ನೆಲಕ್ಕೆ ಹೋಯಿತು.

ಒಂದು ಮಧ್ಯಾಹ್ನ ಪಡುವಣದಲ್ಲಿ ಕಪ್ಪು ಮೋಡ ಎದ್ದಿತು. ಮೈನೊ ಅಕ್ಕ ಸೀರೆ ಎತ್ತಿ ಕಟ್ಟಿದಳು, ಏಣಿ ಒರಗಿಸಿದಳು, ಹುಲ್ಲಿನ ಕಟ್ಟು ಹೆಗಲಿಗೇರಿಸಿ ಹತ್ತಿಯೇಬಿಟ್ಟಳು. ಬೀದಿಗೆ ಬೀದಿಯೇ ಬಾಯಿ ಬಿಟ್ಟುಕೊಂಡು ನಿಂತಿತು. “ಇಳಿಯೇ ಹುಚ್ಚೀ!” ಅಂತ ನಮ್ಮತ್ತೆ ಕೂಗಿದರು. “ಮಳೆಗೆ ಹೇಳಿ ಅತ್ತೆ, ಅದು ನಿಂತ್ರೆ ನಾನೂ ಇಳೀತೀನಿ” ಅಂತ ಮೇಲಿಂದ ಉತ್ತರ ಬಂತು. ಸಂಜೆ ಮಳೆ ಹುಯ್ದಿತು. ಬೋಂಗಾಗಳು ಮುನಿದಂತೆ ಕಾಣಲಿಲ್ಲ. ಅವಳ ಮನೆಯೊಳಗೆ ಒಂದು ತೊಟ್ಟೂ ಬೀಳಲಿಲ್ಲ.

ಮಾರನೆಯ ದಿನ ಮಾಂಝಿಯ ಕಟ್ಟೆಯಲ್ಲಿ ಊರು ಸೇರಿತು. ಮಾಂಝಿ ಅಂದರೆ ಊರಿನ ಯಜಮಾನ, ಆಗ ಬಾಜುನ್ ಸೊರೇನ್. ಕೆಟ್ಟವನಲ್ಲ, ಯಾರೇನಂದಾರೋ ಅನ್ನುವ ಪುಕ್ಕಲ.

“ಒಂದು ಮೇಕೆ ದಂಡ ಕೊಡು. ಕೈ ಮುಗಿದು ತಪ್ಪಾಯ್ತು ಅನ್ನು. ಮುಗೀತು.”

“ಮೇಕೆ ಈಗ್ಲೇ ತರ್ತೀನಿ ಮಾವ. ತಪ್ಪಾಯ್ತು ಅನ್ನಲ್ಲ. ನಾನು ಹತ್ತಿದ್ದು ತಪ್ಪಾದ್ರೆ ಹೊದ್ಸಿದ ಹುಲ್ಲೂ ತಪ್ಪು ತಾನೆ? ಯಾರಾದ್ರೂ ಗಂಡಸು ಹತ್ತಿ ಅದನ್ನ ಕಿತ್ತುಹಾಕಿ ಹೊಸದು ಹೊದ್ಸಲಿ. ಆಗ ಅಂತೀನಿ.”

ಎಲ್ಲರೂ ಸಾಕ್ಲಾನನ್ನು ನೋಡಿದರು. ಸಾಕ್ಲಾನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಹೆಂಗಸರು ಕಿಸಕ್ಕನೆ ನಕ್ಕರು, ಆ ನಗು ಮಾಂಝಿಗೆ ಚುಚ್ಚಿತು. ಅವಳನ್ನು ಊರಿಂದ ಹೊರಗೆ ಹಾಕಿದರು. ಅವಳಿಗೆ ಬೆಂಕಿ ಕೊಡಬಾರದು, ಊರ ಬಾವಿಯ ನೀರು ಅವಳಿಗಿಲ್ಲ, ಮಾತಾಡಿಸಬಾರದು, ಅವಳ ಚೊಂಬಿನ ನೀರು ಯಾರೂ ಕುಡಿಯಬಾರದು. ಅವಳು ತಪ್ಪೊಪ್ಪಿಕೊಂಡ ದಿನ ಮಾಂಝಿ ಅವಳ ಚೊಂಬಿನಿಂದ ನೀರು ಕುಡಿಯುತ್ತಾನೆ, ಆಗ ಮತ್ತೆ ಊರಿನವಳು. ಮನೆ ಬಿಟ್ಟು ತವರಿಗೆ ಓಡುತ್ತಾಳೆ ಅಂತ ಸಾಕ್ಲಾ ಕಾದ. ಅವಳು ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಹೊತ್ತಳು.

ದಂಡಕ್ಕೆ ಕೊಡಬೇಕೆಂದಿದ್ದ ಮರಿಮೇಕೆ ಅಂಗಳದಲ್ಲೇ ಉಳಿಯಿತು. ಅದರ ಉಪಯೋಗ ಮೊದಲು ಹೊಳೆದದ್ದು ನಮ್ಮತ್ತೆಗೆ. ಒಂದು ಬೆಳಿಗ್ಗೆ ಬೇಲಿಯ ಬಳಿ ನಿಂತು, “ಏ ಮೇಕೆ, ನಾಳೆ ಸಂತೇಲಿ ಊಟದೆಲೆಗೆ ಒಳ್ಳೇ ರೇಟಂತೆ ಕಣೇ” ಅಂದರು. ಒಳಗಿಂದ ಮೈನೊ ಅಕ್ಕ, “ಮೇಕೆ, ಆ ಮುದುಕಿಗೆ ಹೇಳು, ಮೊಣಕಾಲಿಗೆ ಎಣ್ಣೆ ಕಾಸಿಟ್ಟಿದೀನಿ, ಬೇಲಿ ಮೇಲಿದೆ” ಅಂದಳು. ಅಲ್ಲಿಂದ ಊರಿನ ಹೆಂಗಸರೆಲ್ಲ ಮೇಕೆಯ ನೆಂಟರಾದರು. ನನ್ನ ಬಸಿರು, ನನ್ನ ಬಯಕೆ, ಗಂಡನ ಮೇಲಿನ ದೂರು ಎಲ್ಲವನ್ನೂ ಅದಕ್ಕೆ ಹೇಳಿದೆ. ಮಾಂಝಿಗೆ ಗೊತ್ತಿತ್ತು. ಮೇಕೆಯನ್ನು ಮಾತಾಡಿಸಿದ್ದಕ್ಕೆ ದಂಡ ಹಾಕಿದರೆ ಸುತ್ತಲಿನ ಊರೆಲ್ಲ ನಗುತ್ತಿತ್ತು.

ಹುಲ್ಲು ಕೊಳೆತಾಗಲೆಲ್ಲ ಅವಳೇ ಹತ್ತಿ ಹೊದಿಸಿದಳು. ಹೊರಗೆ ಹಾಕಿದವಳನ್ನು ಇನ್ನೆಲ್ಲಿಗೆ ಹಾಕುತ್ತಾರೆ? ಆದರೆ ಅವಳಿಗೆ ನೋವೇ ಆಗಲಿಲ್ಲ ಅಂದರೆ ನಾನು ಸುಳ್ಳಿ. ಸುಗ್ಗಿಯ ಸೊಹರಾಯ್ ಹಬ್ಬಕ್ಕೆ ಮದ್ದಳೆ ಬಾರಿಸುತ್ತ ಮನೆಮನೆಗೂ ಬರುವ ಕುಣಿತ ನಮ್ಮ ಅಂಗಳದವರೆಗೆ ಬಂದು ತಿರುಗಿಬಿಡುತ್ತಿತ್ತು. ಅವಳು ಊರಿನಲ್ಲೇ ಚೆಂದದ ಗೋಡೆ ಬರೆದು ಕಾದಿರುತ್ತಿದ್ದಳು. ಒಂದು ವರ್ಷ ಗೋಡೆಗೆ ಮುಖ ಮಾಡಿ ನಿಂತವಳ ಭುಜ ಅಲುಗುವುದು ಕಂಡು ಬೇಲಿಯ ಬಳಿಗೆ ಹೋದೆ. “ಅಳಬೇಡ ಮೇಕೆ” ಅಂದೆ. “ಮೇಕೆ, ಅವಳಿಗೆ ಹೇಳು, ಅಳ್ತಿಲ್ಲ, ಕಣ್ಣಿಗೆ ಮಣ್ಣು ಬಿತ್ತು ಅಂತ” ಅಂದಳು.

ಮೇಕೆ ಮುದಿಯಾಯಿತು. ಮಾಂಝಿಯ ಮಗಳು ಸಿಂಗೊ ಮದುವೆಯ ವಯಸ್ಸಿಗೆ ಬಂದಳು. ಅವಳನ್ನು ನೋಡಲು ದೂರದ ಊರಿಂದ ಗಂಡಿನ ಕಡೆಯ ಹಿರಿಯರು ಹೊರಟರು. ಹೆಣ್ಣು ನೋಡಲು ಬರುವವರು ನಮ್ಮಲ್ಲಿ ದಾರಿಯುದ್ದಕ್ಕೂ ಶಕುನ ನೋಡುತ್ತಾರೆ. ಖಾಲಿ ಕೊಡ ಎದುರಾದರೆ ಅಲ್ಲಿಂದಲೇ ವಾಪಸ್ಸು, ತುಂಬಿದ ಕೊಡ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಊರ ಬಾಗಿಲಲ್ಲಿ ಅವರಿಗೆ ಎದುರಾದದ್ದು ಹೊಳೆಯಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದ ಮೈನೊ ಅಕ್ಕ. ಊರ ಬಾವಿ ಅವಳಿಗೆ ಇದ್ದಿದ್ದರೆ ಅವಳು ಆ ದಾರಿಯಲ್ಲಿ ಇರುತ್ತಲೇ ಇರಲಿಲ್ಲ.

ಹಿರಿಯರು ಹಿಗ್ಗಿ ಅವಳ ಹಿಂದೆಯೇ ಅಂಗಳಕ್ಕೆ ಬಂದರು. ಅಂಗಳಕ್ಕೆ ಬಂದವರ ಮುಂದೆ ಚೊಂಬು ನೀರಿಡದೆ ಯಾವ ಸಂತಾಲ ಹೆಂಗಸು ಇದ್ದಾಳು? ಅವಳು ಇಟ್ಟಳು, ಕೈ ಮುಗಿದು ಜೋಹಾರ್ ಅಂದಳು. ಅವರು ಗಟಗಟನೆ ಕುಡಿದರು. ನಾನು ಮಾಂಝಿಯ ಮನೆಗೆ ಓಡಿದೆ.

ಮಾಂಝಿ ಎದ್ದುಬಿದ್ದು ಬಂದ. ಅವಳು ಹೊರಗಿನವಳು ಅಂದರೆ ಬೀಗರ ಜಾತಿ ಕೆಟ್ಟಿತು, ಮಗಳ ಮದುವೆ ಅಲ್ಲಿಗೇ ಮುಗಿಯಿತು. ಮೈನೊ ಅಕ್ಕ ಚೊಂಬು ತುಂಬಿ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು.

“ಬಿಸಿಲಲ್ಲಿ ಓಡಿ ಬಂದಿದೀರಿ ಮಾವ. ತಗೊಳ್ಳಿ.”

“ಮೈನೊ... ಏನಾದ್ರೂ ಹೇಳೋದಿದ್ಯಾ?” ಅಂದ, ಕೇಳಿಸಿಯೂ ಕೇಳಿಸದ ಹಾಗೆ.

“ಇದೆ ಮಾವ. ನೀರು ತಣ್ಣಗಿದೆ.”

ಕುಡಿದ. ಬೇಲಿಯಾಚೆ ಊರಿಗೆ ಊರೇ ನೋಡುತ್ತಿತ್ತು, ಸಾಕ್ಲಾನೂ ಇದ್ದ. ಅಷ್ಟರಲ್ಲಿ ಬೀಗರ ಹಿರಿಯ ಕತ್ತೆತ್ತಿ ಸೂರು ನೋಡಿದ.

“ಹುಲ್ಲು ಒಪ್ಪವಾಗಿ ಹೊದ್ಸಿದಾರೆ. ಯಾರಪ್ಪ ಆಳು? ನಮ್ಮೂರಿಗೂ ಕಳಿಸ್ರಿ.”

ಮಾಂಝಿಯ ಗಂಟಲಲ್ಲಿ ನೀರು ನಿಂತಿತು. ಕೆಮ್ಮಿ ಸುಧಾರಿಸಿಕೊಂಡು, “ನಮ್ಮೂರಿನವರೇ” ಅಂದ.

ಮರುದಿನ ಬೆಳಿಗ್ಗೆ ಬೇಲಿಯ ಬಳಿ ಹೋಗಿ, ಅಭ್ಯಾಸಬಲ, “ಏ ಮೇಕೆ” ಅಂದೆ. ಮೈನೊ ಅಕ್ಕ ಬಾಗಿಲಿಗೆ ಬಂದಳು.

“ಅದರ ಜೊತೆ ಇನ್ನೇನು ಮಾತು ನಿಂದು? ಒಳಗೆ ಬಾ, ನೀರು ಕೊಡ್ತೀನಿ.”

ಹೋದೆ. ಬಾಯಾರಿಕೆ ಇರಲಿಲ್ಲ. ಇಡೀ ಚೊಂಬು ಕುಡಿದೆ.